ಟ್ರಾವೆಲ್ ಟ್ರೈಲರ್‌ನಲ್ಲಿ ಬ್ಯಾಟರಿ ಎಲ್ಲಿ ಕೂರಬೇಕು, ತಂತಿ ಹೇಗೆ ಸಾಗಬೇಕು?

ಪ್ರಶ್ನೆ: ಹೊಸಗಾಲಿ

ಎಲ್ಲರಿಗೂ ನಮಸ್ಕಾರ. ಹಳೆಯದಾದರೂ ಗಟ್ಟಿಮುಟ್ಟಾಗಿರುವ, ಒಂದೇ ಆಕ್ಸಲ್‌ನ ಟ್ರಾವೆಲ್ ಟ್ರೈಲರ್ (ವಾಹನದ ಹಿಂದೆ ಕಟ್ಟಿ ಎಳೆಯುವ, ಒಳಗೆ ವಾಸಿಸಬಹುದಾದ ಗಾಡಿ) ಒಂದರ ವಿದ್ಯುತ್ ವ್ಯವಸ್ಥೆಯನ್ನು ಪೂರ್ತಿ ಹೊಸದಾಗಿ ಮಾಡಲು ಹೊರಟಿದ್ದೇನೆ. ತಂತಿ ಎಳೆಯುವುದಕ್ಕೆ ಮುನ್ನ ನಕ್ಷೆಯನ್ನು ಸರಿಮಾಡಿಕೊಳ್ಳಬೇಕು ಎಂಬ ಆಸೆಯಿಂದ ಇಲ್ಲಿ ಬರೆಯುತ್ತಿದ್ದೇನೆ.

ಈಗ ಮುಂಭಾಗದ ತ್ರಿಕೋನ ಚೌಕಟ್ಟಿನ ಮೇಲೆ, ಎಲ್‌ಪಿಜಿ ಸಿಲಿಂಡರಿನ ಪಕ್ಕದಲ್ಲೇ, 25 ಕೆ.ಜಿ. ತೂಕದ ಒಂದು ಲೆಡ್-ಆ್ಯಸಿಡ್ ಬ್ಯಾಟರಿ ಇದೆ. ಅದನ್ನು ತೆಗೆದು 100 ಆಂಪಿಯರ್-ಅವರ್‌ನ ಮೂರು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗಳು, 2000 ವ್ಯಾಟ್‌ನ ಒಂದು ಇನ್ವರ್ಟರ್, ಚಾವಣಿಯ ಮೇಲೆ 200 ವ್ಯಾಟ್‌ನ ಎರಡು ಸೌರಫಲಕಗಳನ್ನು ಹಾಕಬೇಕೆಂದಿದ್ದೇನೆ. ಲೆಕ್ಕ ಹಾಕಿದಾಗ ದಿನದ ಬಳಕೆ ಹೀಗೆ ಬಂದಿದೆ: ಕಂಪ್ರೆಸರ್ ಫ್ರಿಜ್‌ಗೆ 45 ಆಂಪಿಯರ್-ಅವರ್, ರಾತ್ರಿಯ ಫ್ಯಾನಿಗೆ 16, ದೀಪ ಮತ್ತು ನೀರಿನ ಪಂಪಿಗೆ ಸೇರಿ 10, ಲ್ಯಾಪ್‌ಟಾಪ್‌ಗೆ 20, ಅರ್ಧ ಗಂಟೆ ಇಂಡಕ್ಷನ್ ಒಲೆಗೆ 65. ಒಟ್ಟು ಸುಮಾರು 156. ಹೀಗಾಗಿ ಒಂದು ದಿನ ಮೋಡ ಕವಿದರೂ ನಡೆಯಲಿ ಎಂದು 300 ಆಂಪಿಯರ್-ಅವರ್ ಇಟ್ಟುಕೊಂಡೆ.

ಬ್ಯಾಟರಿ ಇಡಲು ಮೂರು ಜಾಗಗಳಿವೆ. ಮೊದಲನೆಯದು ಹಳೆಯ ಜಾಗವೇ, ಮುಂಭಾಗದ ಚೌಕಟ್ಟಿನ ಮೇಲೆ ಹೊಸ ಪೆಟ್ಟಿಗೆ. ಎರಡನೆಯದು ಮುಂಬದಿಯ ಮಂಚದ ಕೆಳಗಿನ ಖಾನೆ. ಮೂರನೆಯದು ಹಿಂಬದಿಯ ಸೋಫಾದ ಕೆಳಗೆ. ಮೂರನೆಯದರಲ್ಲಿ ಜಾಗ ಧಾರಾಳವಾಗಿದೆ, ಕೈ ಆಡಿಸಲೂ ಸುಲಭ, ಅಡುಗೆಕಟ್ಟೆಯೂ ಹಳೆಯ ಫ್ಯೂಸ್ ಪೆಟ್ಟಿಗೆಯೂ ಅದರ ಹತ್ತಿರವೇ ಇವೆ. ಆದ್ದರಿಂದ ಮನಸ್ಸು ಅತ್ತ ವಾಲುತ್ತಿದೆ.

ಅಳತೆಗಳು: ಎಳೆಯುವ ವಾಹನದ ಕೊಂಡಿಯಿಂದ ಆಕ್ಸಲ್‌ಗೆ 4 ಮೀಟರ್. ಚೌಕಟ್ಟಿನ ಜಾಗ ಆಕ್ಸಲ್‌ಗಿಂತ 3.2 ಮೀಟರ್ ಮುಂದೆ, ಮಂಚದ ಖಾನೆ 2 ಮೀಟರ್ ಮುಂದೆ, ಸೋಫಾ 1.6 ಮೀಟರ್ ಹಿಂದೆ. 80 ಲೀಟರಿನ ನೀರಿನ ಟ್ಯಾಂಕ್ ಆಕ್ಸಲ್‌ಗಿಂತ 1 ಮೀಟರ್ ಹಿಂದಿದೆ. ಟ್ಯಾಂಕ್ ತುಂಬಿ, ಸಾಮಾನು ಹೇರಿ ತೂಗಿದಾಗ ಟ್ರೈಲರ್ 1500 ಕೆ.ಜಿ., ಕೊಂಡಿಯ ಮೇಲಿನ ಭಾರ 150 ಕೆ.ಜಿ. ಬಂತು. ನನ್ನ ವಾಹನ ಕೊಂಡಿಯ ಮೇಲೆ ಹೊರಬಲ್ಲ ಗರಿಷ್ಠ ಭಾರ 180 ಕೆ.ಜಿ.

ಯಾವ ಜಾಗ ಸೂಕ್ತ, ತಂತಿಗಳ ದಪ್ಪವೆಷ್ಟು, ಫ್ಯೂಸುಗಳು ಎಲ್ಲೆಲ್ಲಿ ಬರಬೇಕು ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ: ಆಕ್ಸಲ್

ನೀವು ತೂಗಿ, ಅಳೆದು ಬಂದಿರುವುದರಿಂದ ಊಹೆಯ ಮಾತೇ ಬೇಡ, ಲೆಕ್ಕದಲ್ಲೇ ಉತ್ತರ ಸಿಗುತ್ತದೆ. ತಂತಿಯ ವಿಷಯವನ್ನು ಬಲ್ಲವರಿಗೆ ಬಿಟ್ಟು ನಾನು ಭಾರದ ಬಗ್ಗೆ ಮಾತ್ರ ಹೇಳುತ್ತೇನೆ, ಏಕೆಂದರೆ ತಂತಿಯನ್ನು ಆಮೇಲೆ ಬದಲಿಸಬಹುದು, ರಸ್ತೆಯಲ್ಲಿ ಬಾಲ ಬೀಸುವ ಟ್ರೈಲರನ್ನು ಓಡುತ್ತಿರುವಾಗ ಸರಿಪಡಿಸಲಾಗದು.

ಒಂದು ವಸ್ತುವಿನ ತೂಕವನ್ನು ಅದು ಆಕ್ಸಲ್‌ನಿಂದ ಇರುವ ದೂರದಿಂದ ಗುಣಿಸಿ, ಕೊಂಡಿಯಿಂದ ಆಕ್ಸಲ್‌ವರೆಗಿನ ದೂರದಿಂದ ಭಾಗಿಸಿದರೆ, ಅದು ಕೊಂಡಿಯ ಮೇಲೆ ಎಷ್ಟು ಭಾರ ಕೂಡಿಸುತ್ತದೆ ಎಂಬುದು ಸಿಗುತ್ತದೆ. ಆಕ್ಸಲ್‌ಗಿಂತ ಹಿಂದಿದ್ದರೆ ಅಷ್ಟನ್ನೇ ಕಳೆಯುತ್ತದೆ. ಹಳೆಯ ಬ್ಯಾಟರಿ ತೆಗೆದ ಕೂಡಲೇ 20 ಕೆ.ಜಿ. ಇಳಿದು ಕೊಂಡಿಯ ಭಾರ 130 ಆಗುತ್ತದೆ. ಮೂರು ಹೊಸ ಬ್ಯಾಟರಿ, ಇನ್ವರ್ಟರ್, ದಪ್ಪ ಕೇಬಲ್, ಪಟ್ಟಿ ಎಲ್ಲ ಸೇರಿ 50 ಕೆ.ಜಿ. ಎಂದುಕೊಳ್ಳೋಣ. ಅದು ಚೌಕಟ್ಟಿನ ಮೇಲಾದರೆ 40 ಕೂಡಿ 170, ಮಂಚದ ಕೆಳಗಾದರೆ 25 ಕೂಡಿ 155, ಸೋಫಾದ ಕೆಳಗಾದರೆ 20 ಕಳೆದು 110. ಟ್ರೈಲರಿನ ಒಟ್ಟು ತೂಕ ಆಗ 1525 ಇರುವುದರಿಂದ, ಸೋಫಾದ ಜಾಗದಲ್ಲಿ ಕೊಂಡಿಯ ಪಾಲು ಶೇಕಡ 7ಕ್ಕೆ ಇಳಿಯುತ್ತದೆ. ನಿಮ್ಮಂಥ ಟ್ರೈಲರುಗಳಿಗೆ ಸಾಮಾನ್ಯವಾಗಿ ಹೇಳುವ ಮಿತಿ ಶೇಕಡ 10ರಿಂದ 15. ಅದಕ್ಕಿಂತ ಕಡಿಮೆಯಾದಾಗ, ಎದುರಿನಿಂದ ದೊಡ್ಡ ಲಾರಿಯೊಂದು ಹಾದುಹೋದ ಗಾಳಿಗೇ ಟ್ರೈಲರ್ ಎಡಬಲಕ್ಕೆ ತೂಗಾಡಲು ತೊಡಗಬಹುದು. ಆ ತೂಗಾಟ ಒಮ್ಮೆ ಬೆಳೆಯಲಾರಂಭಿಸಿದರೆ ಹತೋಟಿಗೆ ತರುವುದು ಬಹಳ ಕಷ್ಟ.

ಇನ್ನು ನೀರು ಖಾಲಿಯಾದಾಗ ಏನಾಗುತ್ತದೆ ಎಂಬುದನ್ನೂ ನೋಡಬೇಕು. ಟ್ಯಾಂಕ್ ಆಕ್ಸಲ್‌ನ ಹಿಂದಿರುವುದರಿಂದ, ಅದು ಬರಿದಾದರೆ ಕೊಂಡಿಯ ಮೇಲೆ 20 ಕೆ.ಜಿ. ಏರುತ್ತದೆ. ಚೌಕಟ್ಟಿನ ಜಾಗವಾದರೆ 190 ಆಗಿ ನಿಮ್ಮ ವಾಹನದ ಮಿತಿ ದಾಟುತ್ತದೆ. ಮಂಚದ ಖಾನೆಯಾದರೆ ತುಂಬಿದಾಗ 155, ಬರಿದಾದಾಗ 175. ಎರಡು ಸ್ಥಿತಿಯಲ್ಲೂ ಶೇಕಡ 10 ಮತ್ತು 12ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಆದ್ದರಿಂದ ನನ್ನ ಮಟ್ಟಿಗೆ ಮಂಚದ ಖಾನೆಯೇ ಸರಿಯಾದ ಜಾಗ. ಕೆಲಸ ಮುಗಿದ ಮೇಲೆ ಎರಡೂ ಸ್ಥಿತಿಯಲ್ಲಿ ಮತ್ತೆ ತೂಗಿ ನೋಡಿ, ಮಂಚದ ಕೆಳಗೆ ಬೇರೆ ಸಾಮಾನು ತುರುಕುವುದನ್ನು ಕಡಿಮೆ ಮಾಡಿ.

ಭಾರ ಎಡಬಲಗಳಿಗೂ ಹಂಚಿಕೆಯಾಗಬೇಕು. ಫ್ರಿಜ್ ಮತ್ತು ಅಡುಗೆಕಟ್ಟೆ ಇರುವ ಬದಿಗೆ ಎದುರಿನ ಬದಿಯಲ್ಲಿ ಬ್ಯಾಟರಿಗಳನ್ನು ಕೂರಿಸಿ. ಅವುಗಳನ್ನು ಹಿಡಿದಿಡುವ ಪಟ್ಟಿಯನ್ನು ಪ್ಲೈವುಡ್‌ಗೆ ಬರಿಯ ಮರದ ತಿರುಪಿನಿಂದ ಬಿಗಿಯುವುದು ಸಾಲದು. ನೆಲದ ಮೂಲಕ ಚಾಸಿಗೆ, ಅಥವಾ ನೆಲದಡಿ ಅಗಲವಾದ ಲೋಹದ ತಗಡು ಕೊಟ್ಟು ಬೋಲ್ಟ್ ಹಾಕಿ. ಗಟ್ಟಿಯಾಗಿ ಬ್ರೇಕ್ ಹಾಕಿದಾಗ ಆ ಅಷ್ಟೂ ಭಾರ ಮುಂದಕ್ಕೆ ನುಗ್ಗಲು ನೋಡುತ್ತದೆ.

ಉತ್ತರ: ತಾಮ್ರತಂತಿ

ಆಕ್ಸಲ್ ಅವರ ಲೆಕ್ಕಕ್ಕೆ ನನ್ನ ಪೂರ್ಣ ಸಮ್ಮತಿಯಿದೆ. ಚೌಕಟ್ಟಿನ ಜಾಗವನ್ನು ಬಿಡಲು ಇನ್ನೂ ಎರಡು ಕಾರಣಗಳಿವೆ. ಒಂದು, ಈ ಬಗೆಯ ಲಿಥಿಯಂ ಬ್ಯಾಟರಿಯನ್ನು ಕೋಶಗಳ ಉಷ್ಣತೆ 0 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿರುವಾಗ ಚಾರ್ಜ್ ಮಾಡಬಾರದು. ಮಾಡಿದರೆ ಲಿಥಿಯಂ ಲೋಹವಾಗಿ ಒಳಗಿನ ಇಲೆಕ್ಟ್ರೋಡಿನ ಮೇಲೆ ಕೂತು, ಮರಳಿ ಬಾರದ ಹಾನಿಯಾಗುತ್ತದೆ. ಒಳಗಿನ ಖಾನೆ ಹೊರಗಿನ ಪೆಟ್ಟಿಗೆಗಿಂತ ಬೆಚ್ಚಗಿರುತ್ತದೆ. ಎರಡು, ಎಲ್‌ಪಿಜಿ ಗಾಳಿಗಿಂತ ಭಾರವಾದ ಅನಿಲವಾದ್ದರಿಂದ ಸೋರಿದರೆ ಕೆಳಗೇ ತುಂಬಿಕೊಳ್ಳುತ್ತದೆ. ಕಿಡಿ ಹಾರಿಸಬಲ್ಲ ಸ್ವಿಚ್, ರಿಲೇ, ಇನ್ವರ್ಟರ್ ಯಾವುದೂ ಆ ಸಿಲಿಂಡರಿನ ಮಗ್ಗುಲಲ್ಲಿ ಇರಕೂಡದು. ಲೆಡ್-ಆ್ಯಸಿಡ್ ಬ್ಯಾಟರಿಯನ್ನು ಹೊರಗಿಡುತ್ತಿದ್ದದ್ದು ಚಾರ್ಜ್ ಆಗುವಾಗ ಅದರಿಂದ ಹೊರಡುವ ಹೈಡ್ರೋಜನ್‌ನ ಸಲುವಾಗಿ. ಗಾಳಿಯಲ್ಲಿ ಶೇಕಡ 4ರಷ್ಟು ಸೇರಿದರೂ ಅದು ಹೊತ್ತಿಕೊಳ್ಳಬಲ್ಲದು. ನೀವು ಆರಿಸಿಕೊಂಡ ಬ್ಯಾಟರಿ ಸಾಮಾನ್ಯ ಬಳಕೆಯಲ್ಲಿ ಹಾಗೆ ಅನಿಲ ಬಿಡುವುದಿಲ್ಲವಾದ್ದರಿಂದ ಒಳಗೆ ತರಲು ಅಡ್ಡಿಯಿಲ್ಲ.

ತಂತಿಯ ಯೋಜನೆಯಲ್ಲಿ ನಾನು ಎಲ್ಲಕ್ಕಿಂತ ಮೊದಲು ಹೇಳುವ ಮಾತು ಇದು: ಕರೆಂಟ್ ಹೆಚ್ಚಿರುವ ದಾರಿ ಗಿಡ್ಡವಾಗಿರಲಿ, ವೋಲ್ಟೇಜ್ ಹೆಚ್ಚಿರುವ ದಾರಿ ಬೇಕಾದರೆ ಉದ್ದವಾಗಲಿ. ನಿಮ್ಮ ಇನ್ವರ್ಟರ್ 2000 ವ್ಯಾಟ್ ಕೊಡುವಾಗ, ಶೇಕಡ 90ರ ದಕ್ಷತೆ ಹಿಡಿದರೂ, 12 ವೋಲ್ಟ್ ಬದಿಯಿಂದ ಸುಮಾರು 185 ಆಂಪಿಯರ್ ಎಳೆಯುತ್ತದೆ. ತಾಮ್ರದ ರೋಧ ಮೀಟರಿಗೆ, ಒಂದು ಚದರ ಮಿ.ಮೀ. ದಪ್ಪಕ್ಕೆ, 0.0175 ಓಮ್ ಎಂದು ಹಿಡಿಯಿರಿ. ಅಡುಗೆಕಟ್ಟೆ ಹತ್ತಿರವೆಂದು ಇನ್ವರ್ಟರನ್ನು ಬ್ಯಾಟರಿಯಿಂದ 4 ಮೀಟರ್ ದೂರವಿಟ್ಟರೆ, 70 ಚದರ ಮಿ.ಮೀ. ಕೇಬಲ್ ಹಾಕಿದರೂ ಹೋಗಿ ಬರುವ 8 ಮೀಟರಿನಲ್ಲಿ 0.37 ವೋಲ್ಟ್ ಕುಸಿಯುತ್ತದೆ, 68 ವ್ಯಾಟ್ ಕೇಬಲ್ ಕಾಯಿಸುವುದಕ್ಕೇ ಹೋಗುತ್ತದೆ. ಅದೇ ಇನ್ವರ್ಟರ್ ಬ್ಯಾಟರಿಯ ಪಕ್ಕದಲ್ಲೇ 80 ಸೆ.ಮೀ. ದೂರದಲ್ಲಿದ್ದರೆ ಕುಸಿತ 0.07 ವೋಲ್ಟ್ ಮಾತ್ರ. ಅಲ್ಲಿಂದ ಅಡುಗೆಕಟ್ಟೆಗೆ 230 ವೋಲ್ಟ್‌ನ ಎಸಿ ತಂತಿ ಎಳೆದರೆ ಅದರಲ್ಲಿ ಹರಿಯುವುದು ಸುಮಾರು 9 ಆಂಪಿಯರ್. 2.5 ಚದರ ಮಿ.ಮೀ. ತಂತಿಯಲ್ಲಿ ಅರ್ಧ ವೋಲ್ಟ್ ಕುಸಿದರೆ 230ರ ಮುಂದೆ ಅದು ಏನೂ ಅಲ್ಲ. 120 ವೋಲ್ಟ್ ಬಳಸುವವರಿಗೆ ಕರೆಂಟ್ 17 ಆಂಪಿಯರ್ ಆಗುತ್ತದೆ, ತಂತಿ ಸ್ವಲ್ಪ ದಪ್ಪ ಬೇಕು, ಆದರೆ ತತ್ವ ಬದಲಾಗುವುದಿಲ್ಲ.

ಹಾಗಾಗಿ ಮಂಚದ ಕೆಳಗೆ ಬ್ಯಾಟರಿ, ಮುಖ್ಯ ಫ್ಯೂಸ್, ಮುಖ್ಯ ಸ್ವಿಚ್, ಬಸ್‌ಬಾರ್ (ಹಲವು ತಂತಿಗಳು ಬಂದು ಸೇರುವ ಲೋಹದ ಪಟ್ಟಿ), ಇನ್ವರ್ಟರ್, ಸೋಲಾರ್ ಕಂಟ್ರೋಲರ್ (ಫಲಕದಿಂದ ಬ್ಯಾಟರಿಗೆ ಹೋಗುವ ಚಾರ್ಜನ್ನು ಹತೋಟಿಯಲ್ಲಿಡುವ ಪೆಟ್ಟಿಗೆ) ಇಷ್ಟೂ ಒಂದು ಮೀಟರಿನ ಆಸುಪಾಸಿನಲ್ಲಿ ಕೂಡಿರಲಿ. ಹಳೆಯ ಫ್ಯೂಸ್ ಪೆಟ್ಟಿಗೆ ಹಿಂದೆಯೇ ಇರಲಿ, ಅದನ್ನು ಕದಲಿಸುವ ಅಗತ್ಯವಿಲ್ಲ. ದೀಪ, ಫ್ಯಾನ್, ಪಂಪ್, ಫ್ರಿಜ್ ಎಲ್ಲ ಒಟ್ಟಿಗೆ ಓಡಿದರೂ 30 ಆಂಪಿಯರ್ ದಾಟಲಾರದು. 4 ಮೀಟರ್ ದೂರಕ್ಕೆ 16 ಚದರ ಮಿ.ಮೀ. ತಂತಿಯಾದರೆ ಕುಸಿತ 0.26 ವೋಲ್ಟ್, 25 ಆದರೆ 0.17. ನಾನಾದರೆ 25 ಹಾಕುತ್ತೇನೆ, ಏಕೆಂದರೆ ಕಂಪ್ರೆಸರ್ ಫ್ರಿಜ್ ವೋಲ್ಟೇಜ್ ಕುಸಿತಕ್ಕೆ ಬಹಳ ಸೂಕ್ಷ್ಮ. ಕಂಪ್ರೆಸರ್ ಚಾಲೂ ಆಗುವ ಕ್ಷಣದಲ್ಲಿ ವೋಲ್ಟೇಜ್ ಕೆಳಗಿಳಿದರೆ, ಬ್ಯಾಟರಿಯಲ್ಲಿ ಸಾಕಷ್ಟು ಶಕ್ತಿಯಿದ್ದರೂ ಅದು ತನ್ನನ್ನು ತಾನೇ ನಿಲ್ಲಿಸಿಕೊಳ್ಳುತ್ತದೆ.

ಫ್ಯೂಸಿನ ವಿಷಯದಲ್ಲಿ ಅನೇಕರು ಅದು ಉಪಕರಣವನ್ನು ಕಾಯುತ್ತದೆ ಎಂದುಕೊಳ್ಳುತ್ತಾರೆ. ಅದು ಕಾಯುವುದು ತಂತಿಯನ್ನು. ಆದ್ದರಿಂದ ತಂತಿ ಎಲ್ಲಿ ಶುರುವಾಗುತ್ತದೋ ಅಲ್ಲೇ, ಬ್ಯಾಟರಿಯ ಪಾಸಿಟಿವ್ ತುದಿಯಿಂದ ಒಂದು ಗೇಣಿನೊಳಗೆ ಇರಬೇಕು, ಮತ್ತು ದಪ್ಪ ತಂತಿಯಿಂದ ತೆಳು ತಂತಿ ಕವಲೊಡೆಯುವ ಪ್ರತಿ ಜಾಗದಲ್ಲೂ ಆ ತೆಳು ತಂತಿಗೆ ತಕ್ಕ ಫ್ಯೂಸ್ ಬರಬೇಕು. ಈ ಬ್ಯಾಟರಿಗಳ ಒಳರೋಧ ಬಹಳ ಕಡಿಮೆ, ಶಾರ್ಟ್ ಆದರೆ ಸಾವಿರಾರು ಆಂಪಿಯರ್ ಹರಿಯಬಹುದು. ಸಾಮಾನ್ಯ ಫ್ಯೂಸ್ ಕರಗಿದರೂ ಅದರೊಳಗಿನ ಕಿಡಿ ಆರದೆ ಕರೆಂಟ್ ಮುಂದುವರಿಯುವ ಅಪಾಯವಿದೆ. ಮುಖ್ಯ ಫ್ಯೂಸ್ 'ಕ್ಲಾಸ್ ಟಿ' ಬಗೆಯದ್ದೇ ಇರಲಿ, ಅದು 20,000 ಆಂಪಿಯರನ್ನು ಕತ್ತರಿಸಬಲ್ಲದು. ಉತ್ತಮ ಹೊದಿಕೆಯ 70 ಚದರ ಮಿ.ಮೀ. ಕೇಬಲ್‌ಗೆ 250 ಆಂಪಿಯರಿನದು ಸರಿಹೊಂದುತ್ತದೆ. ಹಿಂದಿನ ಪೆಟ್ಟಿಗೆಗೆ ಹೋಗುವ 25 ಚದರ ಮಿ.ಮೀ. ತಂತಿಗೆ 60 ಆಂಪಿಯರ್ ಸಾಕು.

ಮೂರು ಬ್ಯಾಟರಿಗಳನ್ನು ಒಂದರಿಂದ ಒಂದಕ್ಕೆ ಕೊಂಡಿ ಹಾಕಿ, ಮೊದಲ ಬ್ಯಾಟರಿಯಿಂದಲೇ ಪಾಸಿಟಿವ್ ಮತ್ತು ನೆಗೆಟಿವ್ ಎರಡನ್ನೂ ತೆಗೆಯಬೇಡಿ. ಹಾಗೆ ಮಾಡಿದರೆ ಮೊದಲನೆಯದು ಹೆಚ್ಚು ದುಡಿದು ಕೊನೆಯದು ಕಡಿಮೆ ದುಡಿಯುತ್ತದೆ. ಪ್ರತಿ ಬ್ಯಾಟರಿಯಿಂದ ಒಂದೇ ಉದ್ದದ, ಒಂದೇ ದಪ್ಪದ ಕೇಬಲ್‌ಗಳನ್ನು ಬಸ್‌ಬಾರ್‌ಗೆ ತನ್ನಿ, ಪ್ರತಿಯೊಂದಕ್ಕೂ ತನ್ನದೇ ಫ್ಯೂಸ್ ಇರಲಿ. ಜೋಡಿಸುವ ಮೊದಲು ಮೂರನ್ನೂ ಬೇರೆಬೇರೆಯಾಗಿ ಪೂರ್ತಿ ಚಾರ್ಜ್ ಮಾಡಿ ಸಮಸ್ಥಿತಿಗೆ ತಂದುಕೊಳ್ಳಿ. ಬ್ಯಾಟರಿಗೆ ಹೋಗಿ ಬರುವ ಕರೆಂಟನ್ನು ಅಳೆಯುವ ಶಂಟ್ ನೆಗೆಟಿವ್ ಬದಿಯಲ್ಲಿ ಬರುತ್ತದೆ, ಚಾಸಿಗೆ ಹೋಗುವುದೂ ಸೇರಿದಂತೆ ಎಲ್ಲ ನೆಗೆಟಿವ್ ತಂತಿಗಳು ಅದರ ಆಚೆಗೇ ಸೇರಬೇಕು. ಒಂದೇ ಒಂದು ತಂತಿ ನೇರವಾಗಿ ಬ್ಯಾಟರಿಗೆ ಹೋದರೂ ಉಳಿದಿರುವ ಶಕ್ತಿಯ ಲೆಕ್ಕ ದಿನದಿಂದ ದಿನಕ್ಕೆ ತಪ್ಪುತ್ತಾ ಹೋಗುತ್ತದೆ.

ಸೌರಫಲಕಗಳನ್ನು ಸರಣಿಯಲ್ಲಿ ಜೋಡಿಸಿದರೆ ವೋಲ್ಟೇಜ್ ಹೆಚ್ಚಿ ಕರೆಂಟ್ ಕಡಿಮೆಯಾಗುವುದರಿಂದ ಚಾವಣಿಯಿಂದ ಇಳಿಯುವ ತಂತಿ ತೆಳುವಾಗಿದ್ದರೂ ನಡೆಯುತ್ತದೆ. ಆದರೆ ಒಂದು ಫಲಕದ ಮೇಲೆ ಗಾಳಿಗಂಡಿಯ ಅಥವಾ ಮರದ ನೆರಳು ಆಗಾಗ ಬೀಳುವುದಾದರೆ ಸಮಾಂತರ ಜೋಡಣೆ ಮೇಲು. ಕಂಟ್ರೋಲರ್‌ಗೆ ಮೊದಲು ಬ್ಯಾಟರಿಯನ್ನು, ಆಮೇಲೆ ಫಲಕವನ್ನು ಜೋಡಿಸಬೇಕು. ಬಿಚ್ಚುವಾಗ ಮೊದಲು ಫಲಕವನ್ನು ಬಿಚ್ಚಬೇಕು.

ಪ್ರಶ್ನಿಸಿದವರ ಮರುಮಾತು: ಹೊಸಗಾಲಿ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಸೋಫಾದ ಯೋಚನೆಯನ್ನು ಕೈಬಿಟ್ಟೆ, ಮಂಚದ ಖಾನೆಯನ್ನೇ ಇಟ್ಟುಕೊಳ್ಳುತ್ತೇನೆ. ಈಗ ಮೂರು ಸಂದೇಹಗಳು ಉಳಿದಿವೆ. ಟ್ರೈಲರಿನಲ್ಲಿ ಮೊದಲಿನಿಂದಲೂ ಇರುವ ಕನ್ವರ್ಟರ್, ಅಂದರೆ ಹೊರಗಿನ ವಿದ್ಯುತ್ ಸಿಕ್ಕಾಗ ಬ್ಯಾಟರಿಯನ್ನು ಚಾರ್ಜ್ ಮಾಡುವ ಪೆಟ್ಟಿಗೆ, ಹಾಗೆಯೇ ಇರಬಹುದೇ? ಓಡುವಾಗ ವಾಹನದ ಆಲ್ಟರ್ನೇಟರಿನಿಂದ, ಏಳು ಪಿನ್ನಿನ ಪ್ಲಗ್‌ನ ಮೂಲಕ ಬರುವ ಚಾರ್ಜನ್ನು ನೇರವಾಗಿ ಹೊಸ ಬ್ಯಾಟರಿಗೆ ಕೊಡಬಹುದೇ? ಕೊಂಡಿ ಕಳಚಿದರೆ ತಾನಾಗಿ ಬ್ರೇಕ್ ಹಿಡಿಯುವ ಬ್ರೇಕ್‌ಅವೇ ಸ್ವಿಚ್ ಈಗ ಹಳೆಯ ಬ್ಯಾಟರಿಗೆ ಸೇರಿದೆ, ಅದನ್ನು ಏನು ಮಾಡಬೇಕು?

ಉತ್ತರ: ನಿಧಾನಪಯಣ

ಕೊನೆಯ ಪ್ರಶ್ನೆಯಿಂದ ಆರಂಭಿಸುತ್ತೇನೆ, ಏಕೆಂದರೆ ಬ್ಯಾಟರಿ ಬದಲಿಸುವವರು ಬಹಳಷ್ಟು ಬಾರಿ ಮರೆಯುವುದು ಇದನ್ನೇ. ಬ್ರೇಕ್‌ಅವೇ ಸ್ವಿಚ್‌ಗೆ ಹೋಗುವ ತಂತಿ ಯಾವ ಕಾರಣಕ್ಕೂ ಮುಖ್ಯ ಸ್ವಿಚ್ ದಾಟಿದ ಮೇಲೆ ಕವಲೊಡೆಯಬಾರದು. ಬಂದರೆ, ಟ್ರೈಲರ್ ನಿಲ್ಲಿಸಿದ್ದಾಗ ಸ್ವಿಚ್ ಆರಿಸಿ, ಹೊರಡುವಾಗ ಹಾಕಲು ಮರೆತರೂ ಏನೂ ಗೊತ್ತಾಗುವುದಿಲ್ಲ. ಎಳೆಯುವ ವಾಹನ ಜೋಡಿಕೊಂಡಿರುವಷ್ಟು ಕಾಲ ಬ್ರೇಕಿಗೆ ಶಕ್ತಿ ಅಲ್ಲಿಂದ ಬರುತ್ತಿರುತ್ತದೆ, ಕೊಂಡಿ ಕಳಚಿದ ಆ ಒಂದು ಗಳಿಗೆಯಲ್ಲಿ ಮಾತ್ರ ಬ್ರೇಕ್ ಸತ್ತಿರುತ್ತದೆ. ಲಿಥಿಯಂ ಬ್ಯಾಟರಿಯಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರುತ್ತದೆ. ಅದರೊಳಗಿನ ರಕ್ಷಣಾ ಮಂಡಲವಾದ ಬಿಎಂಎಸ್, ವೋಲ್ಟೇಜ್ ತೀರಾ ಇಳಿದರೆ ಅಥವಾ ಬೇರೆ ದೋಷ ಕಂಡರೆ, ಬ್ಯಾಟರಿಯನ್ನು ಪೂರ್ತಿ ಕಡಿದುಬಿಡುತ್ತದೆ. ಆಗ ಸ್ವಿಚ್‌ಗೆ ಮುಂಚೆಯೇ ತಂತಿ ತೆಗೆದಿದ್ದರೂ ಪ್ರಯೋಜನವಿಲ್ಲ.

ಒಂದು ಆಕ್ಸಲ್‌ನ ಎರಡು ವಿದ್ಯುತ್ ಬ್ರೇಕುಗಳು ಎಳೆಯುವುದು ಸುಮಾರು 6ರಿಂದ 7 ಆಂಪಿಯರ್, ಅವು ಕಾಲು ಗಂಟೆಯಾದರೂ ಹಿಡಿದಿರಬೇಕು ಎಂದರೆ ಬೇಕಾಗುವ ಶಕ್ತಿ ತೀರಾ ಕಡಿಮೆ. ಆದ್ದರಿಂದ ಬ್ರೇಕ್‌ಅವೇಗೆಂದೇ ಸೀಲ್ ಮಾಡಿದ ಚಿಕ್ಕ ಲೆಡ್-ಆ್ಯಸಿಡ್ ಬ್ಯಾಟರಿಯೊಂದನ್ನು ಮುಂಭಾಗದ ಚೌಕಟ್ಟಿನ ಮೇಲೆ, ಸಿಲಿಂಡರಿನಿಂದ ದೂರವಾಗಿ ಇಟ್ಟು, ಅದರ ಚಾರ್ಜಿಗೆ ಪ್ರತ್ಯೇಕ ಚಿಕ್ಕ ಚಾರ್ಜರ್ ಕೊಡುವುದನ್ನು ನಾನು ಬಲವಾಗಿ ಸಲಹೆ ಮಾಡುತ್ತೇನೆ. ಪ್ರತಿ ಪ್ರಯಾಣಕ್ಕೂ ಮುನ್ನ ವಾಹನದ ಪ್ಲಗ್ ಕಿತ್ತು, ಬ್ರೇಕ್‌ಅವೇ ಪಿನ್ ಎಳೆದು, ಟ್ರೈಲರ್ ಎಳೆದಾಗ ಚಕ್ರ ಕಚ್ಚುತ್ತದೆಯೇ ಎಂದು ನೋಡಿ. ನೋಡಿದ ಮೇಲೆ ಪಿನ್ ತಕ್ಷಣ ಹಿಂದಕ್ಕೆ ಹಾಕಿ, ಇಲ್ಲವಾದರೆ ಬ್ರೇಕಿನ ಸುರುಳಿಗಳು ಕಾಯುತ್ತವೆ.

ಆಲ್ಟರ್ನೇಟರಿನಿಂದ ನೇರ ಚಾರ್ಜ್ ಬೇಡ. ಖಾಲಿಯಾದ ಲಿಥಿಯಂ ಬ್ಯಾಟರಿ ಎಷ್ಟು ಕೊಟ್ಟರೂ ಎಳೆದುಕೊಳ್ಳುತ್ತದೆ. ದಾರಿಯ ತಂತಿ ದಪ್ಪವಾಗಿದ್ದರೆ ಆಲ್ಟರ್ನೇಟರ್ ಕಾಯುತ್ತದೆ, ತೆಳುವಾಗಿದ್ದರೆ ತಂತಿ ಕಾಯುತ್ತದೆ. ನಡುವೆ ಡಿಸಿ-ಡಿಸಿ ಚಾರ್ಜರ್ ಇದ್ದರೆ ಅದು ಕರೆಂಟಿಗೆ ಮಿತಿ ಹಾಕಿ, ಕುಸಿದು ಬಂದ ವೋಲ್ಟೇಜನ್ನು ಮೇಲೆತ್ತಿ ಬ್ಯಾಟರಿಗೆ ತಕ್ಕಂತೆ ಕೊಡುತ್ತದೆ. ಚಾರ್ಜರ್ ಬ್ಯಾಟರಿಯ ಬದಿಯಲ್ಲೇ ಇರಲಿ. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, 20 ಆಂಪಿಯರ್ ಕೊಡುವ ಚಾರ್ಜರ್, ಒಳಬರುವ ವೋಲ್ಟೇಜ್ 11.5ಕ್ಕೆ ಇಳಿದಿದ್ದರೆ, 28 ಆಂಪಿಯರಿನಷ್ಟು ಎಳೆಯುತ್ತದೆ. ವಾಹನದ ಆ ಪಿನ್ನಿಗೆ ಇರುವ ಫ್ಯೂಸ್ ಎಷ್ಟರದು ಎಂದು ನೋಡಿ ಚಾರ್ಜರ್ ಆರಿಸಿ. ಅದಕ್ಕಿಂತ ಹೆಚ್ಚು ಬೇಕೆಂದರೆ ವಾಹನದ ಬ್ಯಾಟರಿಯಿಂದಲೇ ಪ್ರತ್ಯೇಕ ದಪ್ಪ ಕೇಬಲ್ ತರಬೇಕಾಗುತ್ತದೆ, ಮತ್ತು ಆ ಕೇಬಲಿನ ಎರಡು ತುದಿಯಲ್ಲೂ ಬ್ಯಾಟರಿಗಳಿರುವುದರಿಂದ ಎರಡು ತುದಿಯಲ್ಲೂ ಫ್ಯೂಸ್ ಬೇಕು.

ಹಳೆಯ ಕನ್ವರ್ಟರ್ 13.6 ವೋಲ್ಟ್‌ನಲ್ಲೇ ನಿಲ್ಲುವಂಥದ್ದಾದರೆ ಹೊಸ ಬ್ಯಾಟರಿ ನಿಧಾನವಾಗಿ ತುಂಬುತ್ತದೆ, ಕೋಶಗಳು ಸಮತೋಲನಕ್ಕೆ ಬರುವಷ್ಟು ಮೇಲೇರುವುದೂ ಇಲ್ಲ. ಲೆಡ್-ಆ್ಯಸಿಡ್‌ಗಾಗಿ ಆಗಾಗ 15 ವೋಲ್ಟ್‌ಗಿಂತ ಮೇಲೆ ಏರಿಸುವ ಬಗೆಯದಾದರೆ ಬಿಎಂಎಸ್ ಕಡಿಯುತ್ತದೆ. 14.2ರಿಂದ 14.6 ವೋಲ್ಟ್‌ವರೆಗೆ ಚಾರ್ಜ್ ಮಾಡುವ, ಲಿಥಿಯಂಗೆಂದೇ ಹೊಂದಿಸಿದ ಚಾರ್ಜರ್‌ಗೆ ಬದಲಾಯಿಸುವುದೇ ಒಳ್ಳೆಯದು. ಇದರ ಜೊತೆ ಇನ್ನೊಂದು ಮಾತು: ಇನ್ವರ್ಟರಿನಿಂದ ಇಡೀ ಟ್ರೈಲರಿನ ಎಸಿ ಪೆಟ್ಟಿಗೆಗೆ ವಿದ್ಯುತ್ ಕೊಡುವ ಯೋಜನೆಯಿದ್ದರೆ, ಈ ಚಾರ್ಜರ್ ಆ ಪೆಟ್ಟಿಗೆಯಲ್ಲಿ ಇರಕೂಡದು. ಇದ್ದರೆ ಬ್ಯಾಟರಿಯಿಂದ ಇನ್ವರ್ಟರ್, ಇನ್ವರ್ಟರಿನಿಂದ ಚಾರ್ಜರ್, ಚಾರ್ಜರಿನಿಂದ ಮತ್ತೆ ಬ್ಯಾಟರಿ ಎಂದು ಶಕ್ತಿ ಸುತ್ತುತ್ತಾ, ಪ್ರತಿ ಸುತ್ತಿನಲ್ಲೂ ಬಿಸಿಯಾಗಿ ಕಳೆದುಹೋಗುತ್ತದೆ. ಚಾರ್ಜರನ್ನು ಹೊರಗಿನ ವಿದ್ಯುತ್ ಬಂದಾಗ ಮಾತ್ರ ಜೀವಂತವಾಗುವ ಪ್ರತ್ಯೇಕ ಎಂಸಿಬಿಗೆ ಸೇರಿಸಿ.

ಎಸಿ ಬದಿಯಲ್ಲಿ 30 ಮಿಲಿ ಆಂಪಿಯರಿನ ಲೀಕೇಜ್ ಬ್ರೇಕರ್ (ಕರೆಂಟ್ ಸೋರಿದರೆ ವಿದ್ಯುತ್ ಕಡಿಯುವ ಸ್ವಿಚ್) ಇರಲೇಬೇಕು. ನ್ಯೂಟ್ರಲ್ ಮತ್ತು ಅರ್ಥಿಂಗ್ ಒಂದಾಗುವುದು ವಿದ್ಯುತ್ತಿನ ಮೂಲದಲ್ಲಿ ಮಾತ್ರ: ಹೊರಗಿನ ವಿದ್ಯುತ್ ಬಳಸುವಾಗ ಹೊರಗೆ, ಇನ್ವರ್ಟರ್ ಬಳಸುವಾಗ ಇನ್ವರ್ಟರಿನಲ್ಲಿ. ಟ್ರೈಲರಿನ ಪೆಟ್ಟಿಗೆಯಲ್ಲಿ ಇನ್ನೊಮ್ಮೆ ಜೋಡಿಸಿದರೆ ಮರಳುವ ಕರೆಂಟಿನ ಒಂದು ಪಾಲು ಅರ್ಥಿಂಗ್ ತಂತಿಯಲ್ಲೂ ಚಾಸಿಯಲ್ಲೂ ಹರಿಯತೊಡಗುತ್ತದೆ. ಒಳಗೇ ವರ್ಗಾವಣೆ ರಿಲೇ (ಹೊರಗಿನ ವಿದ್ಯುತ್ತಿನಿಂದ ಇನ್ವರ್ಟರಿಗೆ, ಅಲ್ಲಿಂದ ಮರಳಿ ಬದಲಾಯಿಸುವ ಸ್ವಿಚ್) ಇರುವ ಇನ್ವರ್ಟರ್ ತೆಗೆದುಕೊಂಡರೆ ಈ ಬದಲಾವಣೆಯನ್ನು ಅದೇ ನೋಡಿಕೊಳ್ಳುತ್ತದೆಯೇ ಎಂದು ಕೈಪಿಡಿಯಲ್ಲಿ ಖಚಿತಪಡಿಸಿಕೊಳ್ಳಿ. ಈ ಭಾಗವನ್ನು ಅರ್ಹ ಎಲೆಕ್ಟ್ರಿಷಿಯನ್ ಒಬ್ಬರಿಂದ ಪರೀಕ್ಷಿಸಿಕೊಳ್ಳದೆ ಬಳಕೆಗೆ ತರಬೇಡಿ.

ಪ್ರಶ್ನಿಸಿದವರ ಮರುಮಾತು: ಹೊಸಗಾಲಿ

ಬ್ರೇಕ್‌ಅವೇ ವಿಷಯ ನನ್ನ ನಕ್ಷೆಯಲ್ಲಿ ಇರಲೇ ಇಲ್ಲ, ತಿಳಿಸಿದ್ದಕ್ಕೆ ಬಹಳ ಉಪಕಾರವಾಯಿತು. ಕೊನೆಯದಾಗಿ ಒಂದು: ಈ ಖಾನೆಯ ಮೇಲೆಯೇ ನಾವು ಮಲಗುವುದರಿಂದ ಮನೆಯವರಿಗೆ ಅಳುಕಿದೆ. ಮುಚ್ಚಿದ ಜಾಗದಲ್ಲಿ ಇನ್ವರ್ಟರ್ ಕಾಯುವುದಿಲ್ಲವೇ?

ಉತ್ತರ: ತಾಮ್ರತಂತಿ

ಅಳುಕು ಸಹಜ, ಅದಕ್ಕೆ ಉತ್ತರವೂ ಕೆಲಸದಲ್ಲೇ ಇದೆ. ಇನ್ವರ್ಟರ್ ಪೂರ್ಣ ಹೊರೆಯಲ್ಲಿ 200 ವ್ಯಾಟ್‌ಗಿಂತ ಹೆಚ್ಚು ಬಿಸಿ ಬಿಡುತ್ತದೆ, ಆದ್ದರಿಂದ ಖಾನೆಯ ಒಂದು ಬದಿಯಲ್ಲಿ ಕೆಳಗೆ, ಎದುರು ಬದಿಯಲ್ಲಿ ಮೇಲೆ, ಕೋಣೆಯೊಳಕ್ಕೇ ತೆರೆಯುವ ಜಾಲರಿಗಳನ್ನು ಬಿಡಿ. ಇನ್ವರ್ಟರಿನ ಫ್ಯಾನ್ ಇರುವ ತುದಿಯ ಮುಂದೆ ಕೈಪಿಡಿ ಹೇಳುವಷ್ಟು ಜಾಗ ಖಾಲಿಯಿರಲಿ, ಹಾಸಿಗೆ ಬಟ್ಟೆ ಅಲ್ಲಿಗೆ ಜಾರದಂತೆ ಒಂದು ಅಡ್ಡಪಟ್ಟಿ ಹಾಕಿ. ಇಂಡಕ್ಷನ್ ಒಲೆಯ ಹೊತ್ತಿನಲ್ಲಿ ಯಾರೂ ಮಲಗಿರುವುದಿಲ್ಲ, ರಾತ್ರಿಯ ಫ್ಯಾನು ಮತ್ತು ಫ್ರಿಜ್ 12 ವೋಲ್ಟ್‌ನಲ್ಲೇ ಓಡುವುದರಿಂದ ಮಲಗುವಾಗ ಇನ್ವರ್ಟರನ್ನು ಆರಿಸಿಬಿಡಬಹುದು. ಹೊಗೆ ಎಚ್ಚರಿಕೆಯ ಗಂಟೆಯೊಂದು ಆ ಜಾಲರಿಯ ಬಳಿ ಇರಲಿ, ಮುಖ್ಯ ಸ್ವಿಚ್ ಹಾಸಿಗೆ ಎತ್ತದೆ ಕೈಗೆ ಸಿಗುವಂತಿರಲಿ.

ಇಂಥ ಖಾನೆಗಳಲ್ಲಿ ಬೆಂಕಿ ಹೊತ್ತುವುದು ಹೆಚ್ಚಾಗಿ ಸಡಿಲವಾದ ಜೋಡಣೆಯಿಂದ, ಲೋಹದ ಅಂಚಿಗೆ ಉಜ್ಜಿ ಸವೆದ ತಂತಿಯಿಂದ. ನಯವಾದ ಎಳೆಗಳ ಅಪ್ಪಟ ತಾಮ್ರದ ಕೇಬಲ್ ತೆಗೆದುಕೊಳ್ಳಿ, ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಬೇಡ. ಲಗ್‌ಗಳನ್ನು (ಕೇಬಲಿನ ತುದಿಗೆ ಹಾಕುವ ಲೋಹದ ಬಳೆಗಳನ್ನು) ಹೈಡ್ರಾಲಿಕ್ ಕ್ರಿಂಪರಿನಿಂದ ಒತ್ತಿ, ಮೇಲೆ ಹೀಟ್ ಶ್ರಿಂಕ್ (ಕಾಯಿಸಿದರೆ ಬಿಗಿಯಾಗುವ ಕೊಳವೆ) ಹಾಕಿ. ತಂತಿ ಲೋಹ ದಾಟುವ ಪ್ರತಿ ತೂತಿಗೂ ರಬ್ಬರ್ ಗ್ರೋಮೆಟ್ ಇರಲಿ, ಗೇಣಿಗೊಂದರಂತೆ ಕ್ಲಿಪ್ ಬರಲಿ. ನಟ್‌ಗಳನ್ನು ಟಾರ್ಕ್ ರೆಂಚಿನಿಂದ, ತಯಾರಕರು ಹೇಳಿದ ಅಳತೆಗೆ ಬಿಗಿಯಿರಿ. ಮೊದಲ ಕೆಲವು ನೂರು ಕಿಲೋಮೀಟರ್ ಓಡಿಸಿದ ಮೇಲೆ ಮುಖ್ಯ ಸ್ವಿಚ್ ಆರಿಸಿ ಪ್ರತಿ ನಟ್ಟನ್ನೂ ಮತ್ತೆ ಪರೀಕ್ಷಿಸಿ. ಆಮೇಲೆ ಇಂಡಕ್ಷನ್ ಒಲೆಯನ್ನು ಹತ್ತು ನಿಮಿಷ ಉರಿಸಿ, ಪ್ರತಿ ಜೋಡಣೆಯ ಉಷ್ಣತೆಯನ್ನು ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ಅಳೆದು ಬರೆದಿಡಿ. ಉಳಿದವುಗಳಿಗಿಂತ ಎದ್ದು ಕಾಣುವಷ್ಟು ಬಿಸಿಯಾದ ಜೋಡಣೆ ಯಾವುದೋ, ಅದನ್ನು ಬಿಚ್ಚಿ ಹೊಸದಾಗಿ ಮಾಡಿ.